ಕೊಡಲಿಗೆ ಪರಿಮಳ ಬಂತು, ಮರಕ್ಕೇನು ಬಂತು?



*ಇಂದಿನ ಚಿಂತನೆ: ಖಂತಿ, ಅಂದರೆ ತಾಳ್ಮೆ*

ಬೆಂಗಳೂರಿನ ನರ್ಸರಿಗಳಲ್ಲಿ ಈಚೆಗೆ ಒಂದು ಪುಟ್ಟ ಗಿಡ ಕಾಣಸಿಗುತ್ತದೆ. ಕುಂಡದಲ್ಲಿ ಗೋಪುರದ ಹಾಗೆ ಮೊನಚಾಗಿ ಬೆಳೆದಿರುತ್ತದೆ. ಹಳದಿ ಬೆರೆತ ತಿಳಿ ಹಸಿರು, ಗರಿಯಂಥ ಸಣ್ಣ ಸಣ್ಣ ಎಲೆ. ಹೆಸರು ಲೆಮನ್ ಸೈಪ್ರೆಸ್. ವರ್ಷವಿಡೀ ಹಸಿರಾಗಿರುವ ನಿತ್ಯಹರಿದ್ವರ್ಣದ ಗಿಡ ಇದು. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರೆ ನಿಂಬೆಹಣ್ಣಿನ ವಾಸನೆ ಬರುತ್ತದೆ. ಸುಮ್ಮನೆ ಪಕ್ಕದಲ್ಲಿ ನಿಂತರೆ ಅಷ್ಟಾಗಿ ತಿಳಿಯುವುದಿಲ್ಲ, ಉಜ್ಜಬೇಕು.

ಇದರ ತವರು ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆ ಕರಾವಳಿ. ಅಲ್ಲಿಯೂ ಈ ಸೈಪ್ರೆಸ್ ತಾನಾಗಿ ಬೆಳೆದಿರುವುದು ಸೈಪ್ರೆಸ್ ಪಾಯಿಂಟ್ ಮತ್ತು ಪಾಯಿಂಟ್ ಲೋಬೋಸ್ ಎಂಬ ಎರಡೇ ಕಡೆ, ಸಣ್ಣ ತೋಪುಗಳಾಗಿ. ಕಡಲ ಗಾಳಿಗೆ ಮೈ ತಿರುಚಿಕೊಂಡು ಬಂಡೆಯ ಮೇಲೆ ನಿಂತ ಮರಗಳು ಅವು. ಅದೇ ಮರದಿಂದ ಆಯ್ದು ಬೆಳೆಸಿದ ಗೋಲ್ಡ್‌ಕ್ರೆಸ್ಟ್ ಎಂಬ ತಳಿ ಈಗ ಕುಂಡದೊಳಗೆ ಕೂತು ಲೋಕ ಸುತ್ತುತ್ತಿದೆ.

ನಿಂಬೆ ವಾಸನೆಗಾಗಿ ನಾವು ಅಷ್ಟು ದೂರ ಹೋಗಬೇಕಿಲ್ಲ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಇದೆ. ಟೀಗೆ ಹಾಕುತ್ತೇವೆ, ಕಷಾಯಕ್ಕೆ ಹಾಕುತ್ತೇವೆ. ಬೇಲಿಯ ಬದಿಯಲ್ಲಿ ನಿಂಬೆ ಗಿಡ ಇದೆ. ನೀಲಗಿರಿಯಲ್ಲಿಯೂ ನಿಂಬೆ ವಾಸನೆಯದ್ದೊಂದು ಬಗೆ ಇದೆ. ಇವುಗಳ ಎಲೆಗಳಿಗೆಲ್ಲ ಒಂದೇ ಗುಣ: ಹಿಸುಕಿದರೆ, ತುಳಿದರೆ, ಹರಿದರೆ ಘಮ್ಮೆನ್ನುತ್ತವೆ.

ಈ ಗುಣವನ್ನು ನೋಡಿ ನಮ್ಮ ನಾಡಿನ ನೀತಿಬೋಧಕರು ಬಹಳ ಹಿಂದೆಯೇ ಒಂದು ಪಾಠ ಕಟ್ಟಿದರು. ಶ್ರೀಗಂಧದ ಮರ ತನ್ನನ್ನು ಕಡಿದ ಕೊಡಲಿಗೂ ಪರಿಮಳ ಕೊಡುತ್ತದೆ, ಸಜ್ಜನರು ಹಾಗಿರಬೇಕು ಎಂಬ ಪಾಠ. ಸುಭಾಷಿತಗಳಲ್ಲಿ ಇದು ಬರುತ್ತದೆ, ಶಾಲೆಯ ಗೋಡೆಯ ಮೇಲೆ ಬರುತ್ತದೆ, ಬೆಳಿಗ್ಗೆ ನಮ್ಮ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆಗೂ ಬರುತ್ತದೆ. ನಾನು ಕನ್ನಡ ಪಾಠ ಹೇಳುವವಳು, ಈ ಮಾತನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಮಿಸ್, ಕೊಡಲಿಗೆ ಪರಿಮಳ ಬಂತು. ಮರಕ್ಕೇನು ಬಂತು?”

ಹಿಂದಿನ ಬೆಂಚಿನ ಹುಡುಗ ಕೂತಲ್ಲಿಂದಲೇ ಹೇಳಿದ: “ಸಾವು ಬಂತು.”

ತರಗತಿಯೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ. ಅವಳು ಕೇಳಿದ್ದು ನಿಜವಾದ ಪ್ರಶ್ನೆ. ಇವತ್ತು ನಮ್ಮ ಬಳಗ ಕೂತು ಯೋಚಿಸಬೇಕಾದ ಪ್ರಶ್ನೆಯೂ ಅದೇ. ಏಕೆಂದರೆ ಆ ಸುಭಾಷಿತವನ್ನು ಕೊಡಲಿ ಹಿಡಿದವನಿಗೆ ಯಾರೂ ಹೇಳುವುದಿಲ್ಲ, ಕಡಿಸಿಕೊಳ್ಳುವವನಿಗೇ ಹೇಳುತ್ತಾರೆ.

*ಎಲೆ ಏಕೆ ಘಮ್ಮೆನ್ನುತ್ತದೆ?*

ಮೊದಲು ಗಿಡವನ್ನೇ ಸರಿಯಾಗಿ ನೋಡೋಣ. ನಿಂಬೆ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇರುವುದು ಸಿಟ್ರಾಲ್ ಎಂಬ ವಸ್ತು. ಸೈಪ್ರೆಸ್ಸಿನ ಎಲೆಯಲ್ಲೂ ಇಂಥ ಘಾಟಿನ ವಸ್ತುಗಳು ತುಂಬಿರುತ್ತವೆ. ಎಲೆ ಸುಮ್ಮನಿರುವಾಗ ಎಣ್ಣೆ ಚೀಲದೊಳಗೇ ಇರುತ್ತದೆ. ಹುಳು ಕಚ್ಚಿದಾಗ, ದನ ಅಗಿದಾಗ ಚೀಲ ಒಡೆದು ಎಣ್ಣೆ ಹೊರಬರುತ್ತದೆ. ನಮಗೆ ಅದು ಪರಿಮಳ. ಕಚ್ಚಿದ ಎಷ್ಟೋ ಹುಳುಗಳಿಗೆ ಅದು ಘಾಟು, ಕೆಲವಕ್ಕೆ ವಿಷ.

ಮಜ್ಜಿಗೆ ಹುಲ್ಲಿನ ಹತ್ತಿರದ ನೆಂಟನಾದ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಯನ್ನು ಸೊಳ್ಳೆ ಓಡಿಸಲು ಬಳಸುತ್ತೇವೆ. ನಿಂಬೆ ವಾಸನೆಯ ನೀಲಗಿರಿಯಿಂದಲೂ ಸೊಳ್ಳೆ ಬಾರದಂತೆ ಮೈಗೆ ಹಚ್ಚುವ ಔಷಧಿ ಮಾಡುತ್ತಾರೆ. ಸೈಪ್ರೆಸ್ ಕುಟುಂಬದ ಅನೇಕ ಮರಗಳ ಚೇಗು ಗೆದ್ದಲಿಗೂ ಕೊಳೆತಕ್ಕೂ ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೂ ಮರದೊಳಗಿನ ಇಂಥ ವಸ್ತುಗಳೇ ಕಾರಣ. ಅಂದರೆ ನಾವು ಮೂಗಿಗೆ ಹಿಡಿದು ಆಹಾ ಎನ್ನುವ ವಾಸನೆ ಎಲೆಯ ಪಾಲಿಗೆ ಒಂದು ಬೇಲಿ. ‘ಇಲ್ಲಿಗೆ ನಿಲ್ಲಿಸು’ ಎಂಬ ಮಾತು ಅದು. ಅದನ್ನು ನಾವು ಕ್ಷಮೆ ಎಂದು ಓದಿಕೊಂಡೆವು.

ಇನ್ನು ಶ್ರೀಗಂಧ. ಅದರ ಪರಿಮಳ ಇರುವುದು ಚೇಗಿನಲ್ಲಿ. ಆ ಚೇಗು ಬಲಿಯಲು ವರ್ಷಗಟ್ಟಲೆ ಬೇಕು. ಇನ್ನೊಂದು ವಿಷಯ ಸುಭಾಷಿತದಲ್ಲಿ ಬರುವುದಿಲ್ಲ. ಗಂಧದ ಮರ ಅರೆ ಪರಾವಲಂಬಿ. ಅದರ ಬೇರು ಅಕ್ಕಪಕ್ಕದ ಗಿಡಗಳ ಬೇರಿಗೆ ಕಚ್ಚಿಕೊಂಡು ಅಲ್ಲಿಂದ ನೀರು, ಪೋಷಕಾಂಶ ಹೀರುತ್ತದೆ. ಗಂಧದ ಸಸಿ ನೆಡುವ ರೈತರು ಜೊತೆಗೆ ತೊಗರಿಯಂಥ ಆಸರೆ ಗಿಡ ಹಾಕುವುದು ಅದಕ್ಕೇ. ಇದರಲ್ಲಿ ಮರದ ತಪ್ಪೇನೂ ಇಲ್ಲ, ಅದು ಬದುಕುವ ರೀತಿಯೇ ಹಾಗೆ. ಆದರೆ ಆ ಮರವನ್ನು ತ್ಯಾಗದ ಮೂರ್ತಿ ಮಾಡಿದವರು ಕೊಡಲಿಯ ಕಡೆಗಷ್ಟೇ ನೋಡಿದರು, ಬೇರಿನ ಕಡೆಗೆ ನೋಡಲಿಲ್ಲ.

ಹಾಗಂತ ನಾವೂ ಅದೇ ಕೆಲಸ ಮಾಡಬಾರದು. ಗಿಡಕ್ಕೆ ಕ್ಷಮೆಯೂ ಗೊತ್ತಿಲ್ಲ, ಪ್ರತಿಭಟನೆಯೂ ಗೊತ್ತಿಲ್ಲ. ನಮಗೆ ಬೇಕಾದ್ದನ್ನು ನಾವು ಗಿಡದ ಬಾಯಲ್ಲಿ ಹೇಳಿಸುತ್ತೇವೆ. ‘ಪ್ರಕೃತಿಯೇ ಹೀಗೆ ಹೇಳಿದೆ’ ಎಂದು ಯಾರಾದರೂ ಪಾಠ ಹೇಳಲು ಬಂದರೆ, ಆ ಪಾಠದಿಂದ ಯಾರಿಗೆ ಲಾಭ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಹುಟ್ಟಿನಿಂದಲೇ ಮೇಲು ಕೀಳು ಎಂಬುದನ್ನೂ ಪ್ರಕೃತಿಯ ಹೆಸರಿನಲ್ಲೇ ನಮಗೆ ಹೇಳಿದ್ದರು.

*“ನೀವು ಬೌದ್ಧರಲ್ವಾ? ಸಿಟ್ಟು ಯಾಕೆ?”*

ಇದೆಲ್ಲ ಏಕೆ ಬಂತೆಂದರೆ, ನಮ್ಮ ಬಳಗದ ಸೋದರರೊಬ್ಬರು ಕಳೆದ ವಾರ ಒಂದು ಮಾತು ಹಂಚಿಕೊಂಡರು. ಅವರ ಕಚೇರಿಯಲ್ಲಿ ಯಾರೋ ಬಾಬಾಸಾಹೇಬರ ಜಯಂತಿಯ ಬಗ್ಗೆ ಹಗುರವಾಗಿ ಮಾತಾಡಿದರಂತೆ. ಮೀಸಲಾತಿಯ ಮೇಲೊಂದು ಕುಹಕವೂ ಸೇರಿತ್ತು. ಇವರು ಎದ್ದು, ಹೀಗೆ ಮಾತಾಡುವುದು ಸರಿಯಲ್ಲ ಎಂದು ನೇರವಾಗಿ ಹೇಳಿದರು. ಅದಕ್ಕೆ ಎದುರಿನವರು ನಗುತ್ತಾ, “ಏನ್ರೀ, ನೀವು ಬುದ್ಧನ ಕಡೆಯವರು. ಶಾಂತಿ ಶಾಂತಿ ಅಂತೀರಿ. ನಿಮಗ್ಯಾಕೆ ಇಷ್ಟು ಸಿಟ್ಟು?” ಅಂದರಂತೆ. ಅಲ್ಲಿದ್ದವರೆಲ್ಲ ನಕ್ಕರು. ಸೋದರರು ಮನೆಗೆ ಬಂದು ರಾತ್ರಿಯಿಡೀ ಯೋಚಿಸಿದರು: ನಾನು ಧಮ್ಮಕ್ಕೆ ತಪ್ಪಿದೆನೇ?

ಈ ಅನುಭವ ಅವರೊಬ್ಬರದ್ದಲ್ಲ. ಬಾಡಿಗೆ ಮನೆ ಕೇಳಲು ಹೋದಾಗ, ಊರಿನ ಹೋಟೆಲಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆಯ ಮಾತುಕತೆಯಲ್ಲಿ ನಾವು ಬಾಯಿ ತೆರೆದ ಕೂಡಲೇ ನಮ್ಮ ಬುದ್ಧನನ್ನೇ ನಮ್ಮ ಬಾಯಿಗೆ ಅಡ್ಡ ಇಡುತ್ತಾರೆ. ಮೊದಲು ಕರ್ಮದ ಹೆಸರಿನಲ್ಲಿ ಸುಮ್ಮನಿರು ಎಂದರು. ಈಗ ಕರುಣೆಯ ಹೆಸರಿನಲ್ಲಿ ಸುಮ್ಮನಿರು ಎನ್ನುತ್ತಾರೆ. ಹಾಗಾದರೆ ಬುದ್ಧ ಭಗವಾನರು ಖಂತಿ ಎಂದದ್ದು ಇದನ್ನೇ?

*ಕಾಳಿಯ ಪರೀಕ್ಷೆ*

ಮಜ್ಝಿಮ ನಿಕಾಯದ 21ನೇ ಸುತ್ತ ಕಕಚೂಪಮ ಸುತ್ತ. ಗರಗಸದ ಹೋಲಿಕೆ ಬರುವುದರಿಂದ ಆ ಹೆಸರು. ಅದರಲ್ಲಿ ಬುದ್ಧರು ಭಿಕ್ಖುಗಳಿಗೆ ಒಂದು ಕಥೆ ಹೇಳುತ್ತಾರೆ.

ಸಾವತ್ಥಿಯಲ್ಲಿ ವೇದೇಹಿಕಾ ಎಂಬ ಗೃಹಿಣಿ ಇದ್ದಳು. ಬಹಳ ಸೌಮ್ಯ ಸ್ವಭಾವದವಳು, ವಿನಯವಂತೆ, ಶಾಂತೆ ಎಂದು ಊರೆಲ್ಲ ಹೆಸರು. ಅವಳ ಮನೆಯಲ್ಲಿ ಕಾಳಿ ಎಂಬ ದಾಸಿ. ಕೆಲಸದಲ್ಲಿ ಚುರುಕು, ಬುದ್ಧಿವಂತೆ. ಒಂದು ದಿನ ಕಾಳಿಗೆ ಯೋಚನೆ ಬಂತು. ಒಡತಿಗೆ ಇಷ್ಟು ಒಳ್ಳೆಯ ಹೆಸರಿದೆಯಲ್ಲ, ಅವಳೊಳಗೆ ಸಿಟ್ಟು ನಿಜವಾಗಿಯೂ ಇಲ್ಲವೋ, ಅಥವಾ ನಾನು ಎಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವುದರಿಂದ ಅದು ಹೊರಗೆ ಬರುತ್ತಿಲ್ಲವೋ? ನೋಡಿಯೇ ಬಿಡೋಣ ಎಂದು ಮರುದಿನ ತಡವಾಗಿ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಮತ್ತೊಮ್ಮೆ ಇನ್ನಷ್ಟು ತಡ ಮಾಡಿದಳು. ಒಡತಿ ಬೈದಳು. ಮೂರನೆಯ ಸಲ ಇನ್ನೂ ತಡವಾದಾಗ ಒಡತಿ ಬಾಗಿಲ ಅಗುಳಿ ಎತ್ತಿ ಕಾಳಿಯ ತಲೆಗೆ ಹೊಡೆದಳು. ತಲೆ ಒಡೆದು ರಕ್ತ ಸುರಿಯಿತು. ಕಾಳಿ ಏನು ಮಾಡಿದಳು? ಮೂಲೆಯಲ್ಲಿ ಕೂತು ಅಳಲಿಲ್ಲ. ರಕ್ತ ಸುರಿಯುವ ತಲೆಯಲ್ಲೇ ಬೀದಿಗೆ ಬಂದು ನೆರೆಹೊರೆಯವರನ್ನು ಕರೆದು ತೋರಿಸಿದಳು: ಸೌಮ್ಯಳು, ಶಾಂತೆ ಎನ್ನುತ್ತಿದ್ದಿರಲ್ಲ, ಅವಳ ಕೆಲಸ ನೋಡಿ ಎಂದು. ಅಲ್ಲಿಗೆ ವೇದೇಹಿಕೆಯ ಹೆಸರು ಹೋಯಿತು.

ಬಂಧುಗಳೇ, ಈ ಕಥೆಯನ್ನು ಎರಡು ಸಲ ಓದಬೇಕು. ಉಜ್ಜಿದಾಗ ಯಾವ ವಾಸನೆ ಬರುತ್ತದೆ ಎಂಬುದೇ ಇಲ್ಲಿಯ ಪರೀಕ್ಷೆ. ಆದರೆ ಪರೀಕ್ಷೆಗೆ ನಿಂತವಳು ದಾಸಿಯಲ್ಲ, ಒಡತಿ. ಪರೀಕ್ಷೆ ಮಾಡಿದವಳು ದಾಸಿ. ದಾಸಿ ಇನ್ನಷ್ಟು ತಾಳ್ಮೆ ಕಲಿಯಬೇಕಿತ್ತು ಎಂದು ಬುದ್ಧರು ಹೇಳಲಿಲ್ಲ. ಮನೆಯ ಮಾನವನ್ನು ಬೀದಿಗೆ ತಂದಳು ಎಂದೂ ಆಕ್ಷೇಪಿಸಲಿಲ್ಲ. ಅವರು ಭಿಕ್ಖುಗಳತ್ತ ತಿರುಗಿ ಹೇಳಿದ್ದರ ಸಾರ ಇಷ್ಟು: ಅಹಿತವಾದ ಮಾತು ತಾಗುವವರೆಗೆ ಎಲ್ಲರೂ ಸೌಮ್ಯರೇ, ತಾಗಿದಾಗ ಸೌಮ್ಯರಾಗಿರುವವರೇ ನಿಜವಾದ ಸೌಮ್ಯರು. ಚೀವರ, ಊಟ, ವಸತಿ ಸಿಗುವವರೆಗೆ ಮಾತ್ರ ವಿನಯವಾಗಿರುವ ಭಿಕ್ಖುವನ್ನು ವಿನಯವಂತ ಎನ್ನಲಾಗದು ಎಂದೂ ಅದೇ ಸುತ್ತದಲ್ಲಿ ಹೇಳುತ್ತಾರೆ.

ಗರಗಸದ ಮಾತು ಬರುವುದು ಇದರ ಕೊನೆಗೆ. ಕಳ್ಳರು ಗರಗಸದಿಂದ ಅಂಗಾಂಗ ಕೊಯ್ದರೂ ಮನಸ್ಸಿನಲ್ಲಿ ದ್ವೇಷ ಹುಟ್ಟಿದರೆ ಅವನು ನನ್ನ ಮಾತನ್ನು ಪಾಲಿಸಿದವನಲ್ಲ ಎಂಬ ಅರ್ಥದ ಮಾತು. ಬಹಳ ಕಠಿಣವಾದ ಮಾತು, ಮೆದು ಮಾಡಿ ಓದಲು ಬರುವುದಿಲ್ಲ. ಆದರೆ ಅದು ಬೇಡ ಎನ್ನುವುದು ದ್ವೇಷವನ್ನು. ಕೊಯ್ಯಲು ಕತ್ತು ಚಾಚು ಎಂದು ಅಲ್ಲಿಲ್ಲ. ಕೊಯ್ಯುವುದನ್ನು ತಡೆಯಬೇಡ ಎಂದಿಲ್ಲ, ಕೊಯ್ದವನನ್ನು ಹೊಗಳು ಎಂದೂ ಇಲ್ಲ.

ಸ್ವತಃ ಬುದ್ಧರನ್ನು ಬೈದವರಿಗೆ ಅವರು ಏನು ಮಾಡಿದರು? ಅಕ್ಕೋಸ ಭಾರದ್ವಾಜ ಎಂಬ ಬ್ರಾಹ್ಮಣ ಬಂದು ಬಾಯಿಗೆ ಬಂದಂತೆ ಬೈದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ನಿಮ್ಮ ಮನೆಗೆ ನೆಂಟರು ಬಂದಾಗ ಬಡಿಸಿದ್ದನ್ನು ಅವರು ಮುಟ್ಟದಿದ್ದರೆ ಅದು ಯಾರದು ಎಂದು ಬುದ್ಧರು ಅವನನ್ನು ಕೇಳಿದರು. ನಮ್ಮದೇ ಎಂದ ಅವನು. ಹಾಗೆಯೇ ನಿಮ್ಮ ಬೈಗುಳವನ್ನು ನಾನು ತೆಗೆದುಕೊಳ್ಳಲಿಲ್ಲ, ಅದು ನಿಮಗೇ ಸೇರಿದ್ದು ಎಂದರು. ಅವಮಾನವನ್ನು ನುಂಗುವುದು ಒಂದು, ಅದನ್ನು ತೆಗೆದುಕೊಳ್ಳದೆ ವಾಪಸ್ ಕಳಿಸುವುದು ಇನ್ನೊಂದು. ನುಂಗಿದರೆ ಅದು ಹೊಟ್ಟೆಯೊಳಗೆ ಕೊಳೆಯುತ್ತದೆ. ವಾಪಸ್ ಕಳಿಸಬೇಕಾದರೆ ಎದುರಿಗೆ ನಿಂತು ಮಾತಾಡಬೇಕಾಗುತ್ತದೆ. ಬುದ್ಧರು ಮಾತಾಡಿದರು.

ಧಮ್ಮಪದದ ಪುಪ್ಫವಗ್ಗದಲ್ಲೂ ಗಂಧದ ಮಾತು ಬರುತ್ತದೆ. ಶ್ರೀಗಂಧ, ತಗರ, ಮಲ್ಲಿಗೆಗಳ ಪರಿಮಳ ಗಾಳಿಗೆ ಎದುರಾಗಿ ಹೋಗದು, ಶೀಲವಂತರ ಪರಿಮಳ ಗಾಳಿಗೆ ಎದುರಾಗಿಯೂ ಹೋಗುತ್ತದೆ ಎಂಬುದು ಅಲ್ಲಿಯ ಭಾವ. ಗಮನಿಸಿ, ಅಲ್ಲಿ ಕೊಡಲಿಯೇ ಇಲ್ಲ. ಶೀಲದ ಪರಿಮಳ ಬರಲು ಯಾರೂ ಕಡಿಸಿಕೊಳ್ಳಬೇಕಿಲ್ಲ. ಬೇಕಾದ್ದು ಗಾಳಿಗೆ ಎದುರಾಗಿ ಹೋಗುವ ಶಕ್ತಿ.

*ಬಾಬಾಸಾಹೇಬರ ಖಂತಿ*

‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಬಾಬಾಸಾಹೇಬರು ಹತ್ತು ಪಾರಮಿಗಳನ್ನು ವಿವರಿಸುವಾಗ ಖಂತಿಯನ್ನೂ ಹೇಳಿದ್ದಾರೆ. ದ್ವೇಷಕ್ಕೆ ದ್ವೇಷವನ್ನು ಎದುರಿಡಬಾರದು ಎಂಬುದೇ ಅವರು ಕೊಡುವ ಅರ್ಥ. ಅದೇ ಪಟ್ಟಿಯಲ್ಲಿ ವೀರಿಯವೂ ಇದೆ, ಹಿಡಿದ ಕೆಲಸದಿಂದ ಹಿಂದೆ ಸರಿಯದ ಗುಣ. ನಮಗೆ ಬುದ್ಧಿ ಹೇಳಲು ಬರುವವರು ಖಂತಿಯನ್ನು ಮಾತ್ರ ಕೊಟ್ಟು ವೀರಿಯವನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ.

ಈ ಎರಡೂ ಒಟ್ಟಿಗೆ ಹೇಗಿರುತ್ತವೆ ಎಂಬುದಕ್ಕೆ ಮಹಾಡ್ ಸಾಕ್ಷಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಚವದಾರ್ ಕೆರೆಯ ನೀರು ಕುಡಿದರು. ಇವರು ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ಸುಳ್ಳು ಸುದ್ದಿ ಹಬ್ಬಿತು. ಸಮ್ಮೇಳನಕ್ಕೆ ಬಂದವರ ಮೇಲೆ ಗುಂಪುಗಳು ದೊಣ್ಣೆ ಹಿಡಿದು ಬಿದ್ದವು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದು ಬಂದವರಿದ್ದರು. ತಿರುಗಿ ಹೊಡೆಯುವ ಕಸುವೂ ಇತ್ತು, ಸಿಟ್ಟೂ ಇತ್ತು. ಬಾಬಾಸಾಹೇಬರು ತಡೆದರು. ಸೇಡು ಬೇಡ ಎಂದರು. ಅದು ಖಂತಿ.

ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಹಲ್ಲೆ ಮಾಡಿದವರ ಮೇಲೆ ಮೊಕದ್ದಮೆ ನಡೆದು ಕೆಲವರಿಗೆ ಶಿಕ್ಷೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಮಹಾಡಿಗೆ ಬಂದರು. ಕೆರೆ ಮುಟ್ಟದಂತೆ ಕೋರ್ಟಿನ ತಡೆಯಾಜ್ಞೆ ಇತ್ತು. ಅದಕ್ಕೆ ತಲೆಬಾಗಿ ನೀರು ಮುಟ್ಟಲಿಲ್ಲ. ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟರು. ಕೋರ್ಟಿನಲ್ಲಿ ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗಾಗಿ ಹತ್ತು ವರ್ಷ. ಆ ಹತ್ತು ವರ್ಷವೂ ತಾಳ್ಮೆಯೇ. ಆದರೆ ಕೊಡಲಿಗೆ ಪರಿಮಳ ಹಚ್ಚುವ ತಾಳ್ಮೆ ಅದಲ್ಲ, ಬೇಲಿ ಹಾಕುವ ತಾಳ್ಮೆ. ಮುಂದೆ ಸಂವಿಧಾನದ 17ನೇ ವಿಧಿ ಬಂತು, 1989ರ ದೌರ್ಜನ್ಯ ತಡೆ ಕಾಯ್ದೆ ಬಂತು. ಎಲೆಯೊಳಗಿನ ಎಣ್ಣೆಯ ಹಾಗೆ ಅವು ಸುಮ್ಮನಿರುತ್ತವೆ. ಕಚ್ಚಿದಾಗ ಹೊರಬರಬೇಕು. ದೂರು ಕೊಡುವವನನ್ನು ಸಿಟ್ಟಿನವನು ಎನ್ನುವುದು, ಘಾಟು ಬಂತೆಂದು ಎಲೆಯನ್ನು ಬೈದ ಹಾಗೆ.

ಆದ್ದರಿಂದ ನಮ್ಮ ಸೋದರರಿಗೆ ಬಳಗದ ಉತ್ತರ ಇಷ್ಟು. ನೀವು ಧಮ್ಮಕ್ಕೆ ತಪ್ಪಲಿಲ್ಲ. ಅವರು ಕೊಟ್ಟದ್ದನ್ನು ನೀವು ತೆಗೆದುಕೊಳ್ಳಲಿಲ್ಲ, ಅಷ್ಟೇ. ಇನ್ನು ಉಳಿದದ್ದು ನೀವೊಬ್ಬರೇ ನೋಡಿಕೊಳ್ಳಬೇಕಾದ ವಿಷಯ: ಆ ರಾತ್ರಿ ಮನಸ್ಸಿನಲ್ಲಿ ಏನಿತ್ತು? ಆ ಮಾತು ನಿಲ್ಲಬೇಕು ಎಂದಿತ್ತೇ, ಆ ಮನುಷ್ಯ ನಾಶವಾಗಬೇಕು ಎಂದಿತ್ತೇ? ಮೊದಲನೆಯದನ್ನು ಬಿಡಬೇಡಿ. ಎರಡನೆಯದನ್ನು ಬಿಟ್ಟುಬಿಡಿ, ಏಕೆಂದರೆ ಅದು ಮೊದಲು ಸುಡುವುದು ನಿಮ್ಮನ್ನೇ.

*ನಾವು ಎಲ್ಲಿ ವೇದೇಹಿಕೆ?*

ಇಷ್ಟಕ್ಕೇ ನಿಲ್ಲಿಸಿದರೆ ಇವತ್ತಿನ ಚಿಂತನೆ ನಮಗೆ ಹಿತವಾಗಿಯೇ ಮುಗಿಯುತ್ತದೆ. ಆದರೆ ಕಾಳಿಯ ಕಥೆ ನಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಲೋಕದ ಎದುರು ನಾವು ಕಾಳಿಯರು. ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ? ಊಟ ತಡವಾದಾಗ ಹೆಂಡತಿಯ ಮೇಲೆ ಏರುವ ದನಿ, ಅಂಕ ಕಡಿಮೆ ಬಂದಾಗ ಮಗುವಿನ ಕೆನ್ನೆಗೆ ಬೀಳುವ ಕೈ, ತರಗತಿಯಲ್ಲಿ ಹಿಂದಿನ ಬೆಂಚಿನವನಿಗೆ ನಾವು ಶಿಕ್ಷಕರು ಆಡುವ ಮಾತು, ನಮಗಿಂತ ಕೆಳಗಿನದು ಎಂದು ನಾವೇ ಎಣಿಸಿಕೊಂಡ ಒಳಜಾತಿಯವರ ಮನೆಯಲ್ಲಿ ನೀರು ಕುಡಿಯುವಾಗಿನ ಹಿಂಜರಿಕೆ, ಇಲ್ಲೆಲ್ಲ ನಮ್ಮ ಕೈಯಲ್ಲೇ ಅಗುಳಿ ಇದೆ. ವಿಹಾರದಲ್ಲಿ ನಮ್ಮದು ಸೌಮ್ಯ ಎಂಬ ಹೆಸರು. ಆ ಹೆಸರನ್ನು ಪರೀಕ್ಷಿಸುವ ಹಕ್ಕು ನಮ್ಮ ಕೈಕೆಳಗಿರುವವರಿಗೆ ಇದೆ.

ಖಂತಿಯನ್ನು ಮೊದಲು ಕೇಳಬೇಕಾದ್ದು ಅಧಿಕಾರ ಇರುವ ಕೈಯನ್ನು. ಸರ್ಕಾರದ ಕೈ, ಮೇಲ್ಜಾತಿಯ ಕೈ, ಹಾಗೆಯೇ ನಮ್ಮ ಕೈ. ನಮಗಿಂತ ಬಲವಾದವರ ಎದುರು ದ್ವೇಷವಿಲ್ಲದೆ ನಿಲ್ಲುವುದು ಒಂದು ಖಂತಿ, ನಮಗಿಂತ ಮೆತ್ತಗಿರುವವರ ಎದುರು ಕೈ ತಡೆಯುವುದು ಇನ್ನೊಂದು. ಎರಡನೆಯದು ಇಲ್ಲದವರ ಬಾಯಲ್ಲಿ ಮೊದಲನೆಯದು ಬಹಳ ದಿನ ನಿಲ್ಲುವುದಿಲ್ಲ.

*ಇಂದು ನಮಗೆ ನಾವೇ ಕೇಳಿಕೊಳ್ಳೋಣ:*

1. ನಾನು ಸುಮ್ಮನಿದ್ದಾಗ ಒಳಗಿದ್ದದ್ದು ಖಂತಿಯೋ, ಭಯವೋ?

2. ನಾನು ಮಾತಾಡಿದಾಗ ಬಯಸಿದ್ದು ಅನ್ಯಾಯ ನಿಲ್ಲಲಿ ಎಂದೋ, ಎದುರಿನವರು ನೋಯಲಿ ಎಂದೋ?

3. ನನ್ನ ಮನೆಯ, ನನ್ನ ಕೆಲಸದ ಕಡೆಯ ಕಾಳಿ ನನ್ನ ಬಗ್ಗೆ ಬೀದಿಯಲ್ಲಿ ನಿಂತು ಏನು ಹೇಳಬಹುದು?

ಇಂದು ಸಂಜೆ ಧ್ಯಾನಕ್ಕೆ ಕೂರುವ ಮೊದಲು ಮೂರನೆಯ ಪ್ರಶ್ನೆಯಿಂದ ಶುರು ಮಾಡೋಣ. ಉತ್ತರವನ್ನು ಗುಂಪಿನಲ್ಲಿ ಹಾಕಬೇಕಿಲ್ಲ, ಮನೆಯವರನ್ನು ಕೇಳಿದರೆ ಸಾಕು.

ಭವತು ಸಬ್ಬ ಮಂಗಲಂ.
ಜೈ ಭೀಮ್.